ಒದ್ದೆ ಕಲ್ಲಿಗೆ ಪಚ್ಚಿಲೆ ಹೇಗೆ ಅಂಟುತ್ತದೆ? ನಮ್ಮ ಅಂಟು ಯಾಕೆ ಕಳಚುತ್ತದೆ?

ಪ್ರಶ್ನೆ: ಕಡಲತೀರದ ಬಂಡೆಗೆ ಅಂಟಿಕೊಂಡಿದ್ದ ಕಪ್ಪು ಚಿಪ್ಪೊಂದನ್ನು ಕೈಯಿಂದ ಎಳೆದು ನೋಡಿದೆ. ಜಪ್ಪಯ್ಯ ಅಂದರೂ ಬರಲಿಲ್ಲ. ದಿನವಿಡೀ ಅಲೆ ಬಡಿಯುವ ಜಾಗ ಅದು. ಬಚ್ಚಲುಮನೆಯ ಗೋಡೆಗೆ ನಾನು ಅಂಟು ಹಚ್ಚಿ ಕೂರಿಸಿದ ಕೊಕ್ಕೆ ಮಾತ್ರ ವಾರ ಕಳೆಯುವುದರೊಳಗೆ ಬಿದ್ದುಹೋಗುತ್ತದೆ. ನೀರಿನಲ್ಲಿ ಅಂಟುವುದು ಈ ಜೀವಿಗಳಿಗೆ ಹೇಗೆ ಸಾಧ್ಯ? ಇಂಥ ಅಂಟು ಆಪರೇಷನ್‌ನಲ್ಲಿ ಹೊಲಿಗೆಯ ಬದಲು ಬರುತ್ತದೆ ಅಂತ ಓದಿದ್ದೆ, ನಿಜವೇ? ಅದಕ್ಕಾಗಿ ಚಿಪ್ಪುಜೀವಿಗಳನ್ನು ಕೊಲ್ಲಬೇಕಾಗುತ್ತದೆಯೇ?

ಉತ್ತರ: ನಿಮ್ಮ ಕೊಕ್ಕೆಯಿಂದಲೇ ಶುರು ಮಾಡೋಣ. ಅದು ಯಾಕೆ ಬಿತ್ತು ಅಂತ ಗೊತ್ತಾದರೆ ಉಳಿದದ್ದನ್ನು ಹೇಳುವುದು ಸುಲಭ.

ಅಂಟು ಹಿಡಿಯಬೇಕಾದರೆ ಅದು ಗೋಡೆಯನ್ನು ಮುಟ್ಟಬೇಕು. ಮುಟ್ಟುವುದು ಅಂದರೆ ಅಣುವಿಗೆ ಅಣು ತಾಗುವಷ್ಟು ಹತ್ತಿರ. ಒದ್ದೆ ಗೋಡೆಯ ಮೇಲೆ ಆ ಜಾಗವನ್ನು ನೀರು ಮೊದಲೇ ಹಿಡಿದು ಕೂತಿರುತ್ತದೆ. ಕಲ್ಲು, ಗಾಜು, ಲೋಹ, ಇವೆಲ್ಲ ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬಟ್ಟೆಯಿಂದ ಎಷ್ಟು ಒರೆಸಿದರೂ ಕಣ್ಣಿಗೆ ಕಾಣದ ತೆಳು ಪದರ ಉಳಿದೇ ಉಳಿಯುತ್ತದೆ. ನೀವು ಹಚ್ಚಿದ ಅಂಟು ಆ ಪದರದ ಮೇಲೆ ಕೂತಿತ್ತು, ಅಷ್ಟೇ. ಚೆನ್ನಾಗಿ ಒಣಗಿಸಿ ಅಂಟಿಸಿದರೂ ಆಮೇಲೆ ನೀರು ಅಂಚಿನಿಂದ ಮೆಲ್ಲಗೆ ನುಸುಳಿ ಅಂಟನ್ನು ಎಬ್ಬಿಸುತ್ತದೆ. ಸೂಪರ್ ಗ್ಲೂ ಕಥೆ ಬೇರೆ. ಅದು ಗಟ್ಟಿಯಾಗುವುದೇ ತೇವ ತಾಗಿದಾಗ. ಗಾಳಿಯಲ್ಲಿರುವ ತೇವವೇ ಅದಕ್ಕೆ ಸಾಕು. ನೀರಿನೊಳಗೆ ಹಾಕಿದರೆ ಗೋಡೆಯನ್ನು ಸರಿಯಾಗಿ ಮುಟ್ಟುವ ಮುಂಚೆಯೇ ಅದರ ಹೊರಮೈ ಹೆಪ್ಪುಗಟ್ಟಿಬಿಡುತ್ತದೆ.

ಕಡಲಿನಲ್ಲಿ ತೊಂದರೆ ಇನ್ನೂ ಜಾಸ್ತಿ. ನೀರಿನ ಜೊತೆ ಉಪ್ಪೂ ಬಂದು ಕಲ್ಲಿನ ಮೇಲೆ ಕೂತಿರುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾ, ಪಾಚಿಗಳ ಲೋಳೆ ಬೇರೆ. ಜೊತೆಗೆ, ಅಂಟು ಗಟ್ಟಿಯಾಗುವವರೆಗೆ ಅಲೆ ಕಾಯುವುದಿಲ್ಲ.

ಹೀಗಾಗಿ ಸುಮ್ನೆ ಬಲವಾದ ಅಂಟು ಇದ್ದರೆ ಕಡಲಿನಲ್ಲಿ ಏನೂ ಉಪಯೋಗವಿಲ್ಲ. ಮೊದಲು ನೀರು ಸರಿಯಬೇಕು, ಆಮೇಲೆ ಉಪ್ಪು ಸರಿಯಬೇಕು, ಆಮೇಲೆ ಅಂಟು ಹರಡಬೇಕು, ಕೊನೆಗೆ ಗಟ್ಟಿಯಾಗಬೇಕು. ಈ ಕ್ರಮ ತಪ್ಪಿದರೆ ಎಂಥ ಒಳ್ಳೆಯ ಪದಾರ್ಥವೂ ಸೋಲುತ್ತದೆ. ಕಡಲಜೀವಿಗಳ ಅಂಟಿನ ಬಗ್ಗೆ ಬರುವ ಸುದ್ದಿಗಳಲ್ಲಿ ಆ ಪದಾರ್ಥದ ಹೆಸರು ಇರುತ್ತದೆ, ಈ ಕ್ರಮದ ಮಾತು ಇರುವುದಿಲ್ಲ. ನನ್ನ ಪ್ರಕಾರ ಗುಟ್ಟಿನ ದೊಡ್ಡ ಪಾಲು ಇರುವುದು ಕ್ರಮದಲ್ಲೇ.

ನೀವು ಎಳೆದದ್ದು ಬಹುಶಃ ಪಚ್ಚಿಲೆ. ಕೆಲವರು ನೀಲಿಕಲ್ಲು ಅನ್ನುತ್ತಾರೆ. ಪುಸ್ತಕಗಳಲ್ಲಿ ಮಸಲ್ ಅಂತಲೂ ಇರುತ್ತದೆ. ಅದು ಅಂಟುವುದನ್ನು ಗಾಜಿನ ತೊಟ್ಟಿಯಲ್ಲಿ ನೋಡಬೇಕು. ಗಾಜಿಗೇ ಅಂಟಿಕೊಳ್ಳುವುದರಿಂದ ಹೊರಗಿನಿಂದ ಎಲ್ಲವೂ ಕಾಣುತ್ತದೆ. ನಾನು ಮೊದಲ ಸಲ ನೋಡಿದಾಗ ಊಟದ ಹೊತ್ತು ಮೀರಿದ್ದೇ ಗೊತ್ತಾಗಲಿಲ್ಲ.

ಚಿಪ್ಪು ಸ್ವಲ್ಪ ಬಿರಿಯುತ್ತದೆ. ಒಳಗಿಂದ ನಾಲಗೆಯಂಥದ್ದು ಹೊರಗೆ ಚಾಚುತ್ತದೆ. ಅದೇ ಅದರ ಕಾಲು. ತುದಿ ಆ ಕಡೆ ಈ ಕಡೆ ತಡಕಾಡುತ್ತದೆ, ಗಾಜನ್ನು ಸವರುತ್ತದೆ, ಉಜ್ಜುತ್ತದೆ. ಒಂದು ಜಾಗ ಒಪ್ಪಿಗೆಯಾದರೆ ಅಲ್ಲಿ ಒತ್ತಿ ನಿಲ್ಲುತ್ತದೆ. ಒತ್ತಿದ ಕಡೆ ತುದಿಯ ಅಡಿಯಲ್ಲಿ ಸಣ್ಣ ಗುಳಿಯೊಂದಿದೆ. ಕಾಲು ಆ ಗುಳಿಯನ್ನು ಒಳಕ್ಕೆ ಎಳೆದುಕೊಂಡು ನೀರನ್ನು ಹೊರಗೆ ನೂಕುತ್ತದೆ. ಹೀರುಬಟ್ಟಲು ಗೋಡೆಗೆ ಕಚ್ಚಿಕೊಳ್ಳುತ್ತಲ್ಲ, ಹಾಗೆ. ಈಗ ಕಡಲಿನ ನಡುವೆಯೇ ಒಂದು ಮುಚ್ಚಿದ ಪುಟ್ಟ ಕೋಣೆ ಸಿದ್ಧವಾಯಿತು. ಅಂಟಿನ ಪ್ರೋಟೀನ್‌ಗಳು ಇಳಿಯುವುದು ಅದರೊಳಗೆ. ಕಾಲಿನ ಉದ್ದಕ್ಕೂ ಒಂದು ತೋಡು ಇದೆ. ಆ ತೋಡಿನಲ್ಲಿ ಅದೇ ಹೊತ್ತಿಗೆ ಒಂದು ದಾರ ಎರಕವಾಗುತ್ತಿರುತ್ತದೆ. ಕೆಲವೇ ನಿಮಿಷ. ಕಾಲು ಮೆಲ್ಲಗೆ ಏಳುತ್ತದೆ. ಗಾಜಿನ ಮೇಲೆ ಎರಡು ಮೂರು ಮಿಲಿಮೀಟರ್ ಅಗಲದ ಬಿಳಿ ಬಿಲ್ಲೆ, ಅದರಿಂದ ಚಿಪ್ಪಿನ ತನಕ ಕೂದಲಿನಂಥ ದಾರ. ಆಮೇಲೆ ಕಾಲು ಪಕ್ಕಕ್ಕೆ ಸರಿದು ಇನ್ನೊಂದು ಜಾಗ ಹುಡುಕುತ್ತದೆ. ಇಂಥ ಹತ್ತಾರು ದಾರಗಳು ಸೇರಿ ಆಗುವ ಜುಟ್ಟಿಗೆ ಬಿಸಸ್ ಅಂತ ಹೆಸರು. ದಿನ ಕಳೆದಂತೆ ಬಿಳಿ ಬಿಲ್ಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣದ ಹಿಂದೆ ಒಂದು ಕಥೆ ಇದೆ, ಈಗ ಹೇಳುತ್ತೇನೆ.

1981ರಲ್ಲಿ ಹರ್ಬರ್ಟ್ ವೇಟ್ ಮತ್ತು ಮಾರ್ವಿನ್ ಟ್ಯಾಂಜರ್ ಪಚ್ಚಿಲೆಯ ಕಾಲಿನಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ಪ್ರೋಟೀನ್‌ಗಳು ಅಮೈನೋ ಆಮ್ಲಗಳೆಂಬ ಪುಟ್ಟ ಅಣುಗಳನ್ನು ಪೋಣಿಸಿದ ಸರಗಳು. ಈ ಸರದಲ್ಲಿ ಡೋಪಾ ಎಂಬ ಅಮೈನೋ ಆಮ್ಲ ತುಂಬಿತ್ತು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಎಲ್‌-ಡೋಪಾ ಇದೆಯಲ್ಲ, ಅದೇ ಅಣು. ಟೈರೋಸಿನ್ ಎಂಬ ಸಾಮಾನ್ಯ ಅಮೈನೋ ಆಮ್ಲಕ್ಕೆ ಆಮ್ಲಜನಕದ ಇನ್ನೊಂದು ಪರಮಾಣು ಸೇರಿದರೆ ಡೋಪಾ ಆಗುತ್ತದೆ. ಆಗ ಅಣುವಿನ ತುದಿಯಲ್ಲಿ ಅಕ್ಕಪಕ್ಕ ಎರಡು ಕೈಗಳಿದ್ದಂತೆ. ಈ ಎರಡು ಕೈಗಳಿಂದ ಅದು ಕಲ್ಲಿನಲ್ಲಿರುವ ಲೋಹದ ಪರಮಾಣುಗಳನ್ನು ತಬ್ಬಿ ಹಿಡಿಯುತ್ತದೆ. ಒಂದೇ ಕೈ ಇದ್ದಿದ್ದರೆ ನೀರು ಬಂದು ಬಿಡಿಸಿಬಿಡುತ್ತಿತ್ತು. ಕಲ್ಲಿಗೆ ಅತಿ ಹತ್ತಿರವಿರುವ ಪ್ರೋಟೀನ್‌ಗಳಲ್ಲೇ ಡೋಪಾ ಅತಿ ಜಾಸ್ತಿ. ಅಲ್ಲಿರುವ ಒಂದು ಪ್ರೋಟೀನ್‌ನಲ್ಲಿ ಹತ್ತಿರಹತ್ತಿರ ಮೂರಕ್ಕೊಂದು ಅಮೈನೋ ಆಮ್ಲ ಡೋಪಾವೇ.

ಉಪ್ಪನ್ನು ಸರಿಸುವವರು ಯಾರು? ಇದಕ್ಕೆ ಉತ್ತರ ಸಿಕ್ಕಿದ್ದು ಬಹಳ ತಡವಾಗಿ. ಈ ಪ್ರೋಟೀನ್‌ಗಳಲ್ಲಿ ಡೋಪಾದ ಪಕ್ಕದಲ್ಲೇ ಪದೇಪದೇ ಲೈಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಇರುತ್ತದೆ. ಅದಕ್ಕೆ ಧನ ವಿದ್ಯುದಂಶ ಇದೆ. ಕಲ್ಲಿನ ಮೇಲೆ ಕೂತ ಉಪ್ಪಿನ ಅಯಾನುಗಳಿಗೂ ಅದೇ ವಿದ್ಯುದಂಶ. ಲೈಸಿನ್ ಬಂದು ಆ ಅಯಾನುಗಳನ್ನು ಎಬ್ಬಿಸಿ ಅವುಗಳ ಜಾಗದಲ್ಲಿ ತಾನು ಕೂರುತ್ತದೆ. ತೆರವಾದ ಕಡೆ ಡೋಪಾ ಕೈ ಹಾಕುತ್ತದೆ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ವಿಶ್ವವಿದ್ಯಾಲಯದ ಗುಂಪು 2015ರಲ್ಲಿ ಸರಳವಾದ ಸಣ್ಣ ಅಣುಗಳನ್ನು ಇಟ್ಟುಕೊಂಡು ಇದನ್ನು ತೋರಿಸಿತು. ಎರಡೂ ಒಂದೇ ಅಣುವಿನಲ್ಲಿ ಅಕ್ಕಪಕ್ಕ ಇದ್ದಾಗ ಹಿಡಿತ ಗಟ್ಟಿ. ಒಂದನ್ನು ತೆಗೆದರೆ ಕಥೆ ಮುಗಿಯಿತು. ವೇಟ್ ಈ ಗುಂಪಿನಲ್ಲೂ ಇದ್ದರು. ಮೂರು ದಶಕ ದಾಟಿದ ಮೇಲೂ ಅದೇ ಪುಟ್ಟ ಕಾಲಿನ ಬೆನ್ನು ಹತ್ತಿದ್ದರು!

ಇನ್ನು ಆ ಕಂದು ಬಣ್ಣ. ಕತ್ತರಿಸಿಟ್ಟ ಸೇಬು ಕಂದಾಗುವುದನ್ನು ನೋಡಿದ್ದೀರಿ. ಡೋಪಾಕ್ಕೂ ಹೀಗೆಯೇ ಆಗುತ್ತದೆ. ಗಾಳಿ ತಾಗಿದ ಕಡಲ ನೀರಿನಲ್ಲಿ ಅದು ಬೇಗ ಆಕ್ಸಿಡೀಕರಣಗೊಂಡು ಕ್ವಿನೋನ್ ಆಗಿಬಿಡುತ್ತದೆ. ಕ್ವಿನೋನ್‌ಗೆ ಕಲ್ಲನ್ನು ಹಿಡಿಯಲು ಬರುವುದಿಲ್ಲ. ಅದು ಪಕ್ಕದ ಪ್ರೋಟೀನ್‌ಗಳ ಜೊತೆ ಹೆಣೆದುಕೊಳ್ಳುತ್ತದೆ. ಅಂದರೆ ಒಂದೇ ಅಣು ತಾಜಾ ಇದ್ದಾಗ ಕಲ್ಲನ್ನು ಹಿಡಿಯುತ್ತದೆ, ಹಳತಾದ ಮೇಲೆ ಅಂಟನ್ನು ಒಳಗಿಂದ ಗಟ್ಟಿ ಮಾಡುತ್ತದೆ. ಎರಡೂ ಬೇಕು. ಆದರೆ ಮೊದಲಿನದ್ದು ಮೊದಲೇ ಆಗಬೇಕು. ಹೆಣೆದುಕೊಳ್ಳುವುದು ಮೊದಲೇ ನಡೆದುಹೋದರೆ ಕಲ್ಲನ್ನು ಹಿಡಿಯಲು ಯಾರೂ ಉಳಿಯುವುದಿಲ್ಲ.

ಪಚ್ಚಿಲೆ ಇದನ್ನು ಎರಡು ರೀತಿಯಲ್ಲಿ ನಿಭಾಯಿಸುತ್ತದೆ. ಕಾಲಿನಡಿಯ ಆ ಪುಟ್ಟ ಕೋಣೆಯನ್ನು ಅದು ಹುಳಿಯಾಗಿ ಇಡುತ್ತದೆ. ಹುಳಿಯ ಅಳತೆ ಪಿಎಚ್, ಅದು ಇಳಿದಷ್ಟೂ ಹುಳಿ ಜಾಸ್ತಿ. ಹೊರಗೆ ಕಡಲಿನ ಪಿಎಚ್ ಸುಮಾರು 8. ಒಳಗೆ ಅದಕ್ಕಿಂತ ತುಂಬ ಕಡಿಮೆ. ಹುಳಿಯಲ್ಲಿ ಡೋಪಾ ಬೇಗ ಕೆಡುವುದಿಲ್ಲ, ಸೇಬಿಗೆ ನಿಂಬೆರಸ ಸವರಿದಂತೆ. ಎರಡನೆಯದು, ಗಂಧಕ ಇರುವ ಇನ್ನೊಂದು ಪ್ರೋಟೀನನ್ನು ಜೊತೆಗೆ ಕಳುಹಿಸುತ್ತದೆ. ಕಲ್ಲಿನ ಹತ್ತಿರ ಕ್ವಿನೋನ್ ಆಗಿಹೋದ ಡೋಪಾವನ್ನು ಅದು ಮತ್ತೆ ಡೋಪಾ ಆಗಿಸುತ್ತದೆ. ಕಾಲು ಎದ್ದ ಮೇಲೆ ಕಡಲ ನೀರು ಒಳಗೆ ಬರುತ್ತದೆ, ಹುಳಿ ಹೋಗುತ್ತದೆ, ಆಗ ನಿಧಾನವಾಗಿ ಗಟ್ಟಿಯಾಗುವ ಕೆಲಸ ಶುರು. ಬಿಲ್ಲೆ ಕಂದಾಗುತ್ತಾ ಹೋಗುವುದು ಅದಕ್ಕೇ.

ನಮ್ಮ ಲ್ಯಾಬುಗಳಲ್ಲಿ ಎಡವಿದ್ದು ಸರಿಯಾಗಿ ಇಲ್ಲೇ. ಡೋಪಾದಂಥ ಅಣುವನ್ನು ಯಾವುದೋ ಪ್ಲಾಸ್ಟಿಕ್ ಸರಪಳಿಗೆ ಪೋಣಿಸುವುದು ಕಷ್ಟವಲ್ಲ. ಹಾಗೆ ಮಾಡಿದ ಅಂಟು ಬಾಟಲಿಯಲ್ಲೇ ಕಂದಾಗಿ ಕೂತರೆ ಏನು ಮಾಡುವುದು? ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜೊನಾಥನ್ ವಿಲ್ಕರ್ ಗುಂಪು ಪಾಲಿಸ್ಟೈರೀನ್ ಸರಪಳಿಗೆ ಇಂಥ ಅಣುಗಳನ್ನು ಸೇರಿಸಿ ನೀರಿನೊಳಗೇ ಚೆನ್ನಾಗಿ ಹಿಡಿಯುವ ಅಂಟು ಮಾಡಿದೆ. ಆದರೂ ಅಂಟಿಸುವ ಜಾಗವನ್ನು ಮೊದಲು ಸವರಿ, ಮುಚ್ಚಿ, ಹುಳಿ ಮಾಡಿ, ಆಮೇಲೆ ಬಿಡುವ ಕಾಲು ನಮ್ಮ ಹತ್ತಿರ ಇಲ್ಲ, ಅಲ್ವಾ? ಟ್ಯೂಬಿನಿಂದ ಹಿಂಡುವುದಷ್ಟೇ ನಮಗೆ ಗೊತ್ತು.

ಎಲ್ಲ ಜೀವಿಗಳೂ ಇದೇ ದಾರಿ ಹಿಡಿದಿಲ್ಲ. ಕ್ಯಾಲಿಫೋರ್ನಿಯಾ ತೀರದಲ್ಲಿ ಮರಳಿನ ಗೂಡು ಕಟ್ಟುವ ಒಂದು ಪುಟ್ಟ ಹುಳು ಇದೆ. ಮರಳಿನ ಒಂದೊಂದೇ ಕಣವನ್ನು ಹಿಡಿದು, ತಿರುಗಿಸಿ ನೋಡಿ, ಎರಡು ಚುಕ್ಕೆ ಅಂಟು ಹಚ್ಚಿ ಗೂಡಿನ ಅಂಚಿಗೆ ಕೂರಿಸುತ್ತದೆ. ಕೂರಿಸಿದ ಮೇಲೆ ಕಣವನ್ನು ಸ್ವಲ್ಪ ಅಲುಗಾಡಿಸುತ್ತದೆ. ಸುಮಾರು ಅರ್ಧ ನಿಮಿಷದಲ್ಲಿ ಅಂಟು ಬಿಗಿಯುತ್ತದೆ, ಆಗ ಬಿಡುತ್ತದೆ. ಗಾಜಿನ ಮಣಿ ಕೊಟ್ಟರೆ ಗಾಜಿನ ಮಣಿಯಲ್ಲೇ ಗೂಡು ಕಟ್ಟುತ್ತದೆ! ಯೂಟಾ ವಿಶ್ವವಿದ್ಯಾಲಯದ ರಸೆಲ್ ಸ್ಟೀವರ್ಟ್ ಇದರ ಬೆನ್ನು ಹತ್ತಿದವರು. ಹುಳುವಿನ ಅಂಟಿನಲ್ಲಿ ಧನ ವಿದ್ಯುದಂಶದ ಪ್ರೋಟೀನ್‌ಗಳೂ ಋಣ ವಿದ್ಯುದಂಶದವೂ ಇರುತ್ತವೆ. ಅವೆರಡೂ ಸೇರಿ ಜೇನಿನಂಥ ದಪ್ಪ ದ್ರವವಾಗುತ್ತವೆ. ಅದು ನೀರಿನಲ್ಲಿ ಕದಡಿ ಹೋಗುವುದಿಲ್ಲ, ಅಡಿಗಿಳಿದು ಕಣದ ಮೇಲೆ ಹರಡುತ್ತದೆ. ಹುಳುವಿನ ಮೈಯಿಂದ ಕಡಲಿಗೆ ಬಂದಾಗ ಪಿಎಚ್ ಬದಲಾಗುವುದೇ ಬಿಗಿಯಲು ಸೂಚನೆ. ಪೂರ್ತಿ ಗಟ್ಟಿಯಾಗಲು ಮುಂದೆ ಕೆಲವು ಗಂಟೆ ಬೇಕು. ಅಲ್ಲಿ ಮತ್ತೆ ಡೋಪಾ ಬರುತ್ತದೆ.

ಹಡಗಿನ ತಳಕ್ಕೆ ಅಂಟುವ ಬಾರ್ನಕಲ್‌ನಲ್ಲಿ ಡೋಪಾ ಇಲ್ಲವೇ ಇಲ್ಲ. ಅದು ಚಿಪ್ಪಿನಂತೆ ಕಂಡರೂ ಏಡಿ, ಸೀಗಡಿಗಳ ಕುಲದ್ದು. ಚಾರ್ಲ್ಸ್ ಡಾರ್ವಿನ್ ಎಂಟು ವರ್ಷ ಇವುಗಳ ಮೇಲೇ ಕೆಲಸ ಮಾಡಿದ್ದರು. ಇದರ ಅಂಟಿನ ಗ್ರಂಥಿಯನ್ನು ಅವರು ಅಂಡಾಶಯದ ಮಾರ್ಪಟ್ಟ ರೂಪ ಅಂದುಕೊಂಡಿದ್ದರು, ಅದು ತಪ್ಪಾಗಿತ್ತು. ಬಾರ್ನಕಲ್ ಮರಿ ತಲೆಯ ಮೇಲಿನ ಎರಡು ಮೀಸೆಗಳಿಂದ ನಡೆದಾಡಿ ಜಾಗ ಹುಡುಕುತ್ತದೆ. ಜಾಗ ಸಿಕ್ಕಿದರೆ ತಲೆಕೆಳಗಾಗಿ ಅಂಟಿಕೊಳ್ಳುತ್ತದೆ, ಮುಂದೆ ಜೀವಮಾನವೆಲ್ಲ ಅಲ್ಲೇ. ಅಂಟುವಾಗ ಮೊದಲು ಎಣ್ಣೆಯಂಥ ಕೊಬ್ಬಿನ ಹನಿ ಬಿಡುತ್ತದೆ. ಅದು ನೀರನ್ನು ಸರಿಸುತ್ತದೆ. ಆಮೇಲೆ ಪ್ರೋಟೀನ್. ಇದು 2014ರಲ್ಲಿ ಗೊತ್ತಾಯಿತು. ಪದಾರ್ಥ ಬೇರೆಯಾದರೂ ಕ್ರಮ ಅದೇ ಅನ್ನುವುದನ್ನು ಗಮನಿಸಿ.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ಆ ಎಣ್ಣೆಯ ಉಪಾಯವೇ ಆಪರೇಷನ್ ಕೋಣೆಯ ಬಾಗಿಲ ತನಕ ಬಂದಿದೆ. ದೇಹದ ಒಳಗೂ ಒಂದು ಥರ ಕಡಲೇ. ಉಪ್ಪುನೀರು, ನಿಲ್ಲದ ಅಲುಗಾಟ, ಎಲ್ಲೆಲ್ಲೂ ಒದ್ದೆ. ರಕ್ತ ಸುರಿಯುತ್ತಿರುವ ಯಕೃತ್ತಿಗೆ ಯಾವ ಅಂಟು ಹಿಡಿಯುತ್ತದೆ? ಎಂಐಟಿಯ ಶುವಾನ್ಹೆ ಜಾವೊ, ಹ್ಯುನ್ವೂ ಯುಕ್ ಮತ್ತು ಜೊತೆಗಾರರು 2021ರಲ್ಲಿ ಒಂದು ಪೇಸ್ಟ್ ಪ್ರಕಟಿಸಿದರು. ಅಂಟಿನ ಸೂಕ್ಷ್ಮ ಕಣಗಳನ್ನು ಸಿಲಿಕೋನ್ ಎಣ್ಣೆಯಲ್ಲಿ ಕಲಸಿದ್ದು. ಗಾಯದ ಮೇಲೆ ಒತ್ತಿದರೆ ಎಣ್ಣೆ ರಕ್ತವನ್ನು ಸರಿಸುತ್ತದೆ, ಕಣಗಳು ಅಂಗವನ್ನು ಹಿಡಿಯುತ್ತವೆ. ಇಲಿ ಮತ್ತು ಹಂದಿಗಳಲ್ಲಿ ಸುಮಾರು 15 ಸೆಕೆಂಡಿನಲ್ಲಿ ರಕ್ತ ನಿಂತಿತು. ರಕ್ತ ಹೆಪ್ಪುಗಟ್ಟುವ ತನಕ ಕಾಯಬೇಕಿಲ್ಲ ಅನ್ನುವುದು ಇದರ ದೊಡ್ಡ ಲಾಭ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವ ರೋಗಿಗಳನ್ನು ನೆನೆದರೆ ಇದರ ಬೆಲೆ ಗೊತ್ತಾಗುತ್ತದೆ. ಇಲ್ಲಿ ಬಾರ್ನಕಲ್‌ನ ಪ್ರೋಟೀನ್ ಒಂದು ಚೂರೂ ಇಲ್ಲ. ತೆಗೆದುಕೊಂಡಿದ್ದು ಅದರ ಕ್ರಮವನ್ನು ಮಾತ್ರ. ನನಗೆ ಈ ಕೆಲಸ ತುಂಬ ಹಿಡಿಸಿದ್ದು ಅದಕ್ಕಾಗಿಯೇ.

ಹಾಗಾದರೆ ಹೊಲಿಗೆ ಹೋಯಿತೇ? ಇಲ್ಲ. ಚರ್ಮದ ಮೇಲಿನ ಸಣ್ಣ ಗಾಯಗಳಿಗೆ ಸೂಪರ್ ಗ್ಲೂ ಜಾತಿಯ ವೈದ್ಯಕೀಯ ಅಂಟು ಈಗಾಗಲೇ ಬಳಕೆಯಲ್ಲಿದೆ. ಅಮೆರಿಕದಲ್ಲಿ 1998ರಲ್ಲೇ ಒಪ್ಪಿಗೆ ಸಿಕ್ಕಿದೆ. ಆದರೆ ಅದು ಗಟ್ಟಿಯಾದರೆ ಬಿರುಸು, ಮಿದುವಾದ ಒಳ ಅಂಗಕ್ಕೆ ಹೊಂದುವುದಿಲ್ಲ. ರಕ್ತದ ಪ್ರೋಟೀನ್‌ನಿಂದ ಮಾಡುವ ಫೈಬ್ರಿನ್ ಅಂಟು ದೇಹಕ್ಕೆ ಒಗ್ಗುತ್ತದೆ, ಆದರೆ ಒದ್ದೆಯಲ್ಲಿ ಹಿಡಿತ ಸಾಲದು. ಕಡಲಜೀವಿಗಳಿಂದ ಕಲಿತ ಅಂಟುಗಳು ತುಂಬಬೇಕಾದ ಜಾಗ ಈ ಎರಡರ ನಡುವೆ ಇದೆ. ಅವುಗಳಲ್ಲಿ ಹೆಚ್ಚಿನವು ಇನ್ನೂ ಪ್ರಾಣಿಗಳ ಮೇಲಿನ ಪ್ರಯೋಗದ ಹಂತದಲ್ಲಿವೆ. ಎಲ್ಲಿಯೋ ಓದಿದ್ದನ್ನು ನಂಬಿ ನಾಳೆಯೇ ಆಸ್ಪತ್ರೆಯಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ. ಅಂಟಿಕೊಂಡರೆ ಸಾಲದು, ವಿಷವಾಗಬಾರದು, ಗಾಯ ಮಾಯುವ ತನಕ ಉಳಿಯಬೇಕು, ಆಮೇಲೆ ತಾನಾಗಿ ಕರಗಬೇಕು. ಪಚ್ಚಿಲೆಗೆ ಈ ಕೊನೆಯ ಷರತ್ತು ಇಲ್ಲವೇ ಇಲ್ಲ.

ನಾನು ಅತಿ ಆಸೆಯಿಂದ ನೋಡುತ್ತಿರುವುದು ಗರ್ಭದಲ್ಲಿರುವ ಮಗುವಿಗೆ ಮಾಡುವ ಶಸ್ತ್ರಚಿಕಿತ್ಸೆಯನ್ನು. ಅಲ್ಲಿ ಗರ್ಭಚೀಲದಲ್ಲಿ ಪುಟ್ಟ ತೂತು ಮಾಡಲೇಬೇಕು. ಆ ತೆಳು ಪೊರೆ ಸರಿಯಾಗಿ ಮಾಯುವುದಿಲ್ಲ, ಹೊಲಿಗೆಯನ್ನೂ ತಾಳುವುದಿಲ್ಲ. ನೀರು ಸೋರಿದರೆ ದಿನ ತುಂಬುವ ಮುಂಚೆ ಹೆರಿಗೆಯಾಗುವ ಅಪಾಯ. ಪಚ್ಚಿಲೆಯಿಂದಲೂ ಮರಳುಗೂಡಿನ ಹುಳುವಿನಿಂದಲೂ ಕಲಿತ ಅಂಟುಗಳನ್ನು ಈ ತೂತು ಮುಚ್ಚಲು ಪರೀಕ್ಷಿಸಿದ್ದಾರೆ. ಒಡೆದ ಮೂಳೆಯ ಚಿಕ್ಕ ಚೂರುಗಳನ್ನು ಕೂಡಿಸಲೂ ಹುಳುವಿನ ಅಂಟು ಸರಿಹೋಗಬಹುದು. ಮೊಳೆ ಹೊಡೆಯಲಾಗದಷ್ಟು ಚಿಕ್ಕವನ್ನು ಜೋಡಿಸುವುದೇ ಆ ಹುಳುವಿನ ದಿನನಿತ್ಯದ ಕಸುಬು.

ಇನ್ನು ಕೊಲ್ಲುವ ವಿಷಯ. ನಿಮ್ಮ ಅಳುಕು ನ್ಯಾಯವಾದದ್ದು. ಒಂದು ಗ್ರಾಂ ಅಂಟಿನ ಪ್ರೋಟೀನಿಗೆ ಸುಮಾರು 10,000 ಪಚ್ಚಿಲೆಗಳು ಬೇಕು. ಪಚ್ಚಿಲೆಯಿಂದ ನೇರವಾಗಿ ತೆಗೆದ ಅಂಟು ಮಾರಾಟಕ್ಕೆ ಇದೆ, ಆದರೆ ಅದು ಲ್ಯಾಬಿನಲ್ಲಿ ಜೀವಕೋಶಗಳನ್ನು ಗಾಜಿಗೆ ಕೂರಿಸುವಂಥ ಸಣ್ಣ ಕೆಲಸಕ್ಕೆ. ದೊಡ್ಡ ಬಳಕೆಗೆ ಈ ದಾರಿ ಮುಚ್ಚಿದೆ ಅನ್ನಬಹುದು. ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ ಹ್ಯುಂಗ್ ಜೂನ್ ಚಾ ಗುಂಪು ಪಚ್ಚಿಲೆಯ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ಪ್ರೋಟೀನ್ ಬೆಳೆಸುತ್ತಿದೆ. ಬ್ಯಾಕ್ಟೀರಿಯಾ ಟೈರೋಸಿನ್ ತನಕ ಮಾಡುತ್ತದೆ, ಅದನ್ನು ಡೋಪಾ ಮಾಡುವ ಹೆಜ್ಜೆಗೆ ಬೇರೆ ಕಿಣ್ವ ಬೇಕು.

ಯಾವ ಪಚ್ಚಿಲೆಯನ್ನೂ ಮುಟ್ಟದೆ ಮಾರುಕಟ್ಟೆ ತಲುಪಿದ ಕೆಲಸವೊಂದಿದೆ, ಮತ್ತೆ ಅದು ಮರದ್ದು. ಪ್ಲೈವುಡ್‌ನ ಹಾಳೆಗಳನ್ನು ಅಂಟಿಸುವ ಹಳೆಯ ಗೋಂದಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ಬಿಡುಗಡೆಯಾಗುತ್ತದೆ. ಅದು ಕ್ಯಾನ್ಸರ್‌ಕಾರಕ. ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದ ಕೈಚಾಂಗ್ ಲಿ ಕಡಲತೀರದಲ್ಲಿ ಬಂಡೆ ಕಚ್ಚಿಕೊಂಡ ಪಚ್ಚಿಲೆಗಳನ್ನು ನೋಡಿ ಯೋಚಿಸಿದರು: ಸೋಯಾ ಹಿಟ್ಟಿನಲ್ಲೂ ಪ್ರೋಟೀನ್ ಬೇಕಾದಷ್ಟಿದೆ, ಅದನ್ನೇ ಸ್ವಲ್ಪ ಮಾರ್ಪಡಿಸಿದರೆ? ಕೊಲಂಬಿಯಾ ಫಾರೆಸ್ಟ್ ಪ್ರಾಡಕ್ಟ್ಸ್ ಕಂಪನಿ 2005ರಿಂದ ಆ ಸೋಯಾ ಅಂಟಿನಲ್ಲಿ ಪ್ಲೈವುಡ್ ಮಾಡುತ್ತಿದೆ. ಈ ಕೆಲಸಕ್ಕೆ 2007ರಲ್ಲಿ ಅಮೆರಿಕದ ಹಸಿರು ರಸಾಯನಶಾಸ್ತ್ರ ಪ್ರಶಸ್ತಿಯೂ ಬಂತು. ಅದೇ 2007ರಲ್ಲಿ ಅಮೆರಿಕದ ವಿಜ್ಞಾನಿ ಫಿಲ್ ಮೆಸ್ಸರ್‌ಸ್ಮಿತ್ ಅವರ ಗುಂಪು ಇನ್ನೊಂದು ಸರಳ ಸಂಗತಿ ಕಂಡಿತು. ಡೋಪಾದ ಹತ್ತಿರದ ನಂಟನಾದ ಡೋಪಮಿನ್ ಎಂಬ ಅಣುವನ್ನು ಕರಗಿಸಿದ, ಕಡಲಿನಷ್ಟೇ ಕ್ಷಾರದ ನೀರಿನಲ್ಲಿ ಯಾವ ವಸ್ತುವನ್ನು ಅದ್ದಿಟ್ಟರೂ ಅದರ ಮೇಲೆ ತೆಳು ಪದರ ತಾನಾಗಿ ಕೂರುತ್ತದೆ. ಏನೂ ಅಂಟದ ಟೆಫ್ಲಾನ್ ಮೇಲೂ! ಆ ಪದರದ ಮೇಲೆ ಬೇಕಾದದ್ದನ್ನು ಕೂರಿಸಬಹುದು. ಅದನ್ನು ಬಳಸದ ವಸ್ತುವಿಜ್ಞಾನದ ಲ್ಯಾಬ್ ಈಗ ಅಪರೂಪ.

ನಾನು ಇನ್ನೂ ಕಾಯುತ್ತಿರುವುದು ಬಿಡಿಸಿಕೊಳ್ಳುವ ಅಂಟಿಗೆ. ನಕ್ಷತ್ರಮೀನು ಅಲೆಯಲ್ಲಿ ಬಂಡೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಮರುಕ್ಷಣ ಮುಂದೆ ನಡೆಯುತ್ತದೆ. ಅದರ ಕೊಳವೆಯಂಥ ನೂರಾರು ಪುಟ್ಟ ಕಾಲುಗಳಲ್ಲಿ ಎರಡು ಥರದ ಗ್ರಂಥಿಗಳಿವೆ, ಒಂದು ಅಂಟಿಸಲು, ಇನ್ನೊಂದು ಬಿಡಿಸಲು. ಅಂಟಿನ ಹೆಜ್ಜೆಗುರುತು ಕಲ್ಲಿನ ಮೇಲೆ ಉಳಿಯುತ್ತದೆ, ಕಾಲು ಮಾತ್ರ ಬರುತ್ತದೆ. ಸುಟ್ಟ ಗಾಯದ ಪಟ್ಟಿ ಹೀಗೆ ನೋವಿಲ್ಲದೆ ಬಂದರೆ ಎಷ್ಟು ಚೆನ್ನ.

ಕೊನೆಗೆ ಒಂದು ಮಾತು, ನೀವು ಎಳೆದು ನೋಡಿದ್ದಾಗಿ ಬರೆದಿದ್ದರಿಂದ. ಪಚ್ಚಿಲೆಯ ದಾರಗಳೆಲ್ಲ ಒಳಗೆ ಒಂದು ಬೇರಿಗೆ ಸೇರಿ, ಆ ಬೇರು ಮಾಂಸಖಂಡದೊಳಕ್ಕೆ ಹೋಗಿರುತ್ತದೆ. ಜೋರಾಗಿ ಎಳೆದರೆ ಕಲ್ಲಿನ ಮೇಲಿನ ಬಿಲ್ಲೆ ಬಿಡುವ ಬದಲು ಒಳಗಿನ ಬೇರು ಕಿತ್ತು ಬರಬಹುದು. ಆಗ ಪ್ರಾಣಿ ಸಾಯಬಹುದು. ಇನ್ನೊಮ್ಮೆ ಹೋದಾಗ ಇಳಿತದ ಹೊತ್ತಿಗೆ ಹೋಗಿ. ಎಳೆಯಬೇಡಿ, ಬಗ್ಗಿ ಚಿಪ್ಪಿನ ಸಂದಿಯಲ್ಲಿ ನೋಡಿ. ಕಂದು ದಾರಗಳ ನಡುವೆ ಒಂದೆರಡು ಬಿಳಿಯವು ಕಂಡರೆ ಅವು ಹೊಸವು, ಇನ್ನೂ ಗಟ್ಟಿಯಾಗುತ್ತಿರುವವು.